ಜಾಕೆಟ್ ಸೋರಿತೋ, ಬೆವರು ಇಳಿಯಿತೋ?

ಪ್ರಶ್ನೆ: ಬೆಟ್ಟ ಹತ್ತುವುದು ನನ್ನ ಹಲವು ವರ್ಷಗಳ ಹವ್ಯಾಸ. ಮಳೆಯಲ್ಲಿ ನಡೆಯಲೆಂದು ಹೋದ ವರ್ಷ ಮೂರು ಪದರದ ಜಲನಿರೋಧಕ ಜಾಕೆಟ್ ಕೊಂಡೆ. ಅದರ ಚೀಟಿಯ ಮೇಲೆ 10,000 ಮಿ.ಮೀ. ಎಂದೂ 10,000 ಗ್ರಾಂ ಎಂದೂ ಮುದ್ರಿಸಿದ್ದಾರೆ. ಮೊದಲ ಕೆಲವು ಸಲ ಏನೂ ತೊಂದರೆಯಾಗಲಿಲ್ಲ. ಈಚೆಗೆ ಜಡಿಮಳೆಯಲ್ಲಿ ಮೂರು ಗಂಟೆ ಏರು ಹತ್ತಿ ಜಾಕೆಟ್ ಬಿಚ್ಚಿದಾಗ ಒಳಗಿನ ಅಂಗಿಯನ್ನು ಹಿಂಡಿದರೆ ನೀರು ಬರುವಂತಿತ್ತು. ಜಾಕೆಟ್ ಕೆಟ್ಟಿದೆಯೇ? 20,000 ಎಂದು ಬರೆದಿರುವುದನ್ನು ಕೊಂಡರೆ ಸರಿಹೋದೀತೇ?

ಉತ್ತರ: ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಅಂಗಿ ಎಲ್ಲೆಲ್ಲಿ ನೆನೆದಿತ್ತು ಎಂಬುದನ್ನು ನೆನಪು ಮಾಡಿಕೊಳ್ಳಿ. ಬೆನ್ನು, ಕಂಕುಳು, ಎದೆ, ಮೊಣಕೈ ಮಡಿಕೆ ಇಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಸಮ ಒದ್ದೆಯಾಗಿದ್ದರೆ ಅದು ಬಹುಪಾಲು ನಿಮ್ಮದೇ ಬೆವರು. ಕೊರಳಪಟ್ಟಿಯ ಕೆಳಗೆ, ಜಿಪ್ಪಿನ ಉದ್ದಕ್ಕೆ, ಹೆಗಲ ಹೊಲಿಗೆಯ ಗೆರೆಯಲ್ಲಿ ಅಥವಾ ಮುಂಗೈಯಿಂದ ಮೇಲಕ್ಕೆ ಪಟ್ಟೆಪಟ್ಟೆಯಾಗಿ ನೆನೆದಿದ್ದರೆ ಮಳೆನೀರು ಒಳಕ್ಕೆ ದಾರಿ ಮಾಡಿಕೊಂಡಿದೆ ಎಂದರ್ಥ. ಅನುಮಾನ ಉಳಿದರೆ ಮನೆಯಲ್ಲೇ ಪರೀಕ್ಷಿಸಬಹುದು. ಜಾಕೆಟ್ಟಿನ ಹೆಗಲ ಭಾಗವನ್ನು ಹೊರಮೈ ಮೇಲಾಗಿ ಒಂದು ಅಗಲ ಪಾತ್ರೆಯ ಬಾಯಿಗೆ ಹೊದಿಸಿ, ನಡುವೆ ತುಸು ತಗ್ಗು ಮಾಡಿ ಒಂದು ಲೋಟ ನೀರು ಸುರಿಯಿರಿ. ಪಾತ್ರೆಯ ತಳಕ್ಕೆ ಒಣ ಕಾಗದ ಹಾಕಿ ಅರ್ಧ ಗಂಟೆ ಬಿಡಿ. ಕಾಗದ ಒಣಗಿಯೇ ಇದ್ದು ಬಟ್ಟೆಯ ಒಳಮೈಯಲ್ಲೂ ಹನಿ ಕಾಣದಿದ್ದರೆ ಅಷ್ಟು ಭಾಗದ ಬಟ್ಟೆ, ಹೊಲಿಗೆ ಸೋರುತ್ತಿಲ್ಲ. ನಿಮ್ಮ ವಿವರಣೆಯನ್ನು ಓದಿದರೆ ಫಲಿತಾಂಶ ಹೀಗೆಯೇ ಬಂದೀತು ಎನಿಸುತ್ತದೆ.

ಚೀಟಿಯ ಅಂಕಿಗಳು ಸುಳ್ಳಲ್ಲ, ಆದರೆ ನೀವು ಕೇಳುತ್ತಿರುವ ಪ್ರಶ್ನೆಗೆ ಅವು ಉತ್ತರವೂ ಅಲ್ಲ. 10,000 ಮಿ.ಮೀ. ಎಂದರೆ ಆ ಬಟ್ಟೆಯ ತುಂಡಿನ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬಕ್ಕೆ ಸಮನಾದ ಒತ್ತಡ ಹಾಕುವವರೆಗೂ ಅದು ನೀರನ್ನು ಬಿಟ್ಟುಕೊಡಲಿಲ್ಲ ಎಂದು. ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ತೂಕ ಹೇರಿದಂತೆ. ಮೈಮೇಲೆ ಬೀಳುವ ಮಳೆಗೆ ಇದು ಧಾರಾಳವಾಗಿ ಸಾಕು. ಹೆಚ್ಚಿನ ಒತ್ತಡ ಬೀಳುವುದು ಭಾರದ ಬೆನ್ನಚೀಲದ ಪಟ್ಟಿಯ ಅಡಿಯಲ್ಲಿ, ಒದ್ದೆ ಬಂಡೆಯ ಮೇಲೆ ಕುಳಿತಾಗ, ಇಲ್ಲವೇ ಮೊಣಕೈ ಊರಿದಾಗ. ಪರೀಕ್ಷೆ ನಡೆಯುವುದು ಹೊಸ ಬಟ್ಟೆಯ ಮೇಲೆ. ಹೊಲಿಗೆ, ಜಿಪ್, ಟೊಪ್ಪಿ ಇವೆಲ್ಲ ಸೇರಿದ ಇಡೀ ಜಾಕೆಟ್ಟಿನ ಮೇಲಲ್ಲ ಎಂಬುದೂ ಗಮನದಲ್ಲಿರಲಿ. ಆದ್ದರಿಂದ 10,000ದ ಬದಲು 20,000 ತಂದರೆ ಅಂಗಿ ಅರ್ಧದಷ್ಟು ಒದ್ದೆಯಾಗುತ್ತದೆ ಎಂಬ ಲೆಕ್ಕ ನಡೆಯುವುದಿಲ್ಲ.

ಎರಡನೆಯ ಅಂಕಿಯನ್ನು ಇನ್ನೂ ಸ್ವಲ್ಪ ಬಿಡಿಸಿ ನೋಡಬೇಕು. 10,000 ಗ್ರಾಂ ಎಂದರೆ ಒಂದು ಚದರ ಮೀಟರ್ ಬಟ್ಟೆಯ ಮೂಲಕ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಷ್ಟು ನೀರಾವಿ ಹೊರಹೋಗಬಲ್ಲದು ಎಂದು. ಇದನ್ನು ಗಂಟೆಗೆ ಇಳಿಸಿದರೆ ಸುಮಾರು 415 ಗ್ರಾಂ ಆಗುತ್ತದೆ. ಬೆನ್ನ ಮೇಲೆ ಭಾರ ಹೊತ್ತು ಕಡಿದಾದ ಏರು ಹತ್ತುವವನ ಮೈಯಿಂದ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಬೆವರು ಇಳಿಯುವುದು ಸಾಮಾನ್ಯ. ಪ್ರಯೋಗಾಲಯದ ಅನುಕೂಲ ಸ್ಥಿತಿಯಲ್ಲೇ ಲೆಕ್ಕ ಹೀಗಿರುವಾಗ ಬೆಟ್ಟದ ಮೇಲೆ ಕೇಳಬೇಕೇ? ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗಿನ ಗಾಳಿಯಲ್ಲಿ ತೇವ ಹೆಚ್ಚಿದ್ದು ಹೊರಗಿನದರಲ್ಲಿ ಕಡಿಮೆಯಿದ್ದರೆ ಮಾತ್ರ ಆ ಕಡೆಗೆ ಸರಿಯುತ್ತದೆ. ಹೊರಗೆ ಚಳಿಯಿದ್ದು ಗಾಳಿ ಒಣಗಿದ್ದರೆ ಬಟ್ಟೆ ಚೆನ್ನಾಗಿ ಉಸಿರಾಡುತ್ತದೆ. ಮಳೆ ಹುಯ್ಯುತ್ತಿದ್ದು ಹವೆ ಬೆಚ್ಚಗೂ ಇದ್ದರೆ ಆವಿ ಸರಿಯುವುದಕ್ಕೆ ಹೆಚ್ಚು ಕಾರಣವೇ ಉಳಿಯುವುದಿಲ್ಲ. ಜತೆಗೆ ಈ ಅಂಕಿಯನ್ನು ಅಳೆಯುವ ವಿಧಾನಗಳು ಹಲವಾರಿದ್ದು, ಒಂದು ವಿಧಾನದ 10,000ವನ್ನು ಇನ್ನೊಂದರ 10,000ದೊಡನೆ ಹೋಲಿಸುವಂತಿಲ್ಲ. ಅಂಗಡಿಯಲ್ಲಿ ಎರಡು ಚೀಟಿಗಳನ್ನು ಅಕ್ಕಪಕ್ಕ ಹಿಡಿದು ನಿರ್ಧರಿಸುವವರಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ.

ಈ ತೊಡಕು ಹೊಸದೂ ಅಲ್ಲ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಬಳಿದು ಅಂಟಿಸುವುದಕ್ಕೆ ಪೇಟೆಂಟ್ ಪಡೆದಾಗ ಮಳೆಯನ್ನು ತಡೆಯುವ ಸಮಸ್ಯೆ ತಕ್ಕಮಟ್ಟಿಗೆ ಬಗೆಹರಿದಿತ್ತು. ಆದರೆ ರಬ್ಬರಿನ ಪದರ ಬೆವರನ್ನೂ ಹಾಗೆಯೇ ತಡೆದು ಒಳಗೆ ನಿಲ್ಲಿಸುತ್ತಿತ್ತು. 1969ರಲ್ಲಿ ರಾಬರ್ಟ್ ಗೋರ್ ಅವರು ಕಾಯಿಸಿದ ಪಿಟಿಎಫ್‌ಇ (ಟೆಫ್ಲಾನ್ ಎಂದು ಹೆಸರಾದ ಪ್ಲಾಸ್ಟಿಕ್) ಕಡ್ಡಿಯನ್ನು ಥಟ್ಟನೆ ಜಗ್ಗಿದಾಗ ಅದು ಹರಿಯುವ ಬದಲು ಹಿಗ್ಗಿ, ಒಳಗೆ ಅತಿ ಸೂಕ್ಷ್ಮ ರಂಧ್ರಗಳ ಬಲೆಯಾಯಿತು. ನೀರಿನ ಹನಿ ತೂರಲಾರದಷ್ಟು ಕಿರಿದಾದ, ಆವಿಯ ಅಣುವಿಗೆ ಮಾತ್ರ ದಾರಿ ಕೊಡುವ ಆ ರಂಧ್ರಗಳಿಂದಲೇ ಗೋರ್‌ಟೆಕ್ಸ್ ಎಂಬ ಜಲನಿರೋಧಕ ಬಟ್ಟೆ ಹುಟ್ಟಿತು. ದೊಡ್ಡ ಸುಧಾರಣೆ ಎಂಬುದರಲ್ಲಿ ಸಂಶಯವಿಲ್ಲ. ಆದರೂ ಮಳೆಯಲ್ಲಿ ಏರು ಹತ್ತುವವನನ್ನು ಪೂರ್ತಿ ಒಣಗಿದಂತೆ ಇಡುವ ಜಾಕೆಟ್ ನನ್ನ ಕೈಗೆ ಈವರೆಗೆ ಸಿಕ್ಕಿಲ್ಲ.

ಇನ್ನು ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದ ಮಾತು 'ಮೊದಲ ಕೆಲವು ಸಲ ಏನೂ ತೊಂದರೆಯಾಗಲಿಲ್ಲ' ಎಂಬುದು. ನೀರನ್ನು ತಡೆಯುವ ಪೊರೆಯ ಮೇಲೆ ಕಾಣುವ ಹೊರಬಟ್ಟೆ ತಾನಾಗಿ ಜಲನಿರೋಧಕವಲ್ಲ. ಹನಿ ನಿಲ್ಲದಂತೆ ಅದಕ್ಕೊಂದು ಲೇಪನ ಕೊಟ್ಟಿರುತ್ತಾರೆ. ಹೊಸ ಜಾಕೆಟ್ಟಿನ ಮೇಲೆ ಮಳೆಹನಿ ಕೆಸುವಿನ ಎಲೆಯ ಮೇಲಿನಂತೆ ಮುತ್ತಾಗಿ ಉರುಳಿಹೋಗುವುದು ಇದರಿಂದಲೇ. ಬೆನ್ನಚೀಲದ ಪಟ್ಟಿ ಉಜ್ಜುವ ಹೆಗಲು, ಸೊಂಟ, ಕೈ ತಾಗುವ ಮುಂಗೈ ಈ ಭಾಗಗಳಲ್ಲಿ ಲೇಪನ ಮೊದಲು ಸವೆಯುತ್ತದೆ. ಮೈಯ ಜಿಡ್ಡು, ಧೂಳು, ಹೊಗೆ ಉಳಿದ ಕಡೆ ಅದನ್ನು ಮುಚ್ಚಿಹಾಕುತ್ತವೆ. ಆಗ ಹೊರಬಟ್ಟೆ ನೀರು ಕುಡಿದು ಬಣ್ಣ ಕಪ್ಪಾಗುತ್ತದೆ, ಜಾಕೆಟ್ ಭಾರವಾಗಿ ಮೈಗೆ ತಣ್ಣಗೆ ಅಂಟುತ್ತದೆ. ಪೊರೆ ಆಗಲೂ ಸೋರುವುದಿಲ್ಲ. ಆದರೆ ಅದರ ಮೇಲೆ ನೀರಿನ ಹೊದಿಕೆಯೇ ಕುಳಿತಿರುವುದರಿಂದ ಆವಿ ಹೊರಗೆ ಹೋಗದೆ, ತಣ್ಣಗಾದ ಒಳಮೈಯಲ್ಲಿ ಹನಿಗಟ್ಟಿ ಅಂಗಿಗೆ ಇಳಿಯುತ್ತದೆ. ತೊಟ್ಟವರಿಗೆ ಇದು ಸೋರಿಕೆಯಂತೆಯೇ ತೋರುತ್ತದೆ. ನಾನೂ ಹಿಂದೊಮ್ಮೆ ಹೀಗೆ ನಂಬಿ, ಏನೂ ಕೆಡದ ಜಾಕೆಟ್ಟೊಂದನ್ನು ಬೇರೆಯವರಿಗೆ ಕೊಟ್ಟು, ಅವರು ಅದನ್ನು ಚೆನ್ನಾಗಿ ಒಗೆದು ಇನ್ನೂ ನಾಲ್ಕು ಮಳೆಗಾಲ ತೊಟ್ಟದ್ದನ್ನು ನೋಡಿದ್ದೇನೆ.

ನಡೆಯುವಾಗ ಮಾಡಬೇಕಾದದ್ದು ಹೆಚ್ಚೇನಿಲ್ಲ. ಹೊರಡುವ ಹೊತ್ತಿಗೆ ತುಸು ಚಳಿ ಎನಿಸುವಷ್ಟೇ ಬಟ್ಟೆ ತೊಡಿ, ಹತ್ತು ನಿಮಿಷದಲ್ಲಿ ಮೈ ಕಾಯುತ್ತದೆ. ಕಂಕುಳ ಜಿಪ್ ಇದ್ದರೆ ಬೆವರುವ ಮೊದಲೇ ತೆರೆಯಿರಿ. ಆವಿ ಹೊರಹಾಕುವುದರಲ್ಲಿ ಯಾವ ಪೊರೆಯೂ ಒಂದು ತೆರೆದ ಜಿಪ್ಪಿಗೆ ಸಮನಲ್ಲ. ಒಳಗೆ ಹತ್ತಿಯ ಅಂಗಿ ಬೇಡ, ಅದು ಹೀರಿದ ನೀರನ್ನು ಬಿಡುವುದಿಲ್ಲ. ತೆಳುವಾದ ಉಣ್ಣೆ ಅಥವಾ ಪಾಲಿಯೆಸ್ಟರ್ ಒದ್ದೆಯಾದರೂ ಅಷ್ಟು ಕೊರೆಯುವುದಿಲ್ಲ. ಊರುಗೋಲು ಹಿಡಿದು ನಡೆಯುವವರು ಮುಂಗೈಯ ಪಟ್ಟಿಯನ್ನು ಬಿಗಿ ಮಾಡಲು ಮರೆಯುತ್ತಾರೆ. ಕೈ ಮೇಲೆತ್ತಿ ಒಂದು ಕೊಂಬೆ ಸರಿಸಿದರೂ ಸಾಕು, ಅಂಗೈಯ ನೀರು ತೋಳಿನೊಳಗೆ ಮೊಣಕೈವರೆಗೆ ಹರಿದು ಬರುತ್ತದೆ. ತುತ್ತತುದಿಯಲ್ಲಿ ನಿಂತಾಗ ಗಾಳಿಯನ್ನೂ ತಣ್ಣನೆಯ ಮಳೆಯನ್ನೂ ತಡೆದು, ಒಳಗಿನ ತೇವವನ್ನು ಬೆಚ್ಚಗಿಟ್ಟರೆ ಜಾಕೆಟ್ ತನ್ನ ಕೆಲಸ ಮಾಡಿದಂತೆಯೇ. ಎತ್ತರ ಏರಿದಂತೆ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಾಪಮಾನ ಇಳಿಯುವಲ್ಲಿ ಅದು ಸಣ್ಣ ಉಪಕಾರವೇನಲ್ಲ.

ಪ್ರಶ್ನೆ: ಇಂಥ ಜಾಕೆಟ್ಟನ್ನು ಒಗೆದರೆ ಹಾಳಾಗುತ್ತದೆ ಎನ್ನುತ್ತಾರೆ. ನಾನು ಮೂರು ವರ್ಷದಿಂದ ಒಗೆದಿಲ್ಲ. ಸರಿಯೇ?

ಉತ್ತರ: ಸರಿಯಲ್ಲ. ಒಗೆಯದೆ ಹಾಳಾದ ಜಾಕೆಟ್ಟುಗಳೇ ಹೆಚ್ಚು. ಮೊದಲಿನ ಲೇಪನಗಳಲ್ಲಿದ್ದ ಫ್ಲೋರಿನ್ ಸಂಯುಕ್ತಗಳು ನೀರು, ಜಿಡ್ಡು ಎರಡನ್ನೂ ದೂರವಿಡುತ್ತಿದ್ದವು. ಅವು ಮಣ್ಣಿನಲ್ಲೂ ನೀರಿನಲ್ಲೂ ಕೊಳೆಯದೆ ಬಹುಕಾಲ ಉಳಿಯುತ್ತವೆ ಎಂಬ ಕಾರಣಕ್ಕೆ ತಯಾರಕರು ಈಗ ಕೈಬಿಡುತ್ತಿದ್ದಾರೆ. ಹೊಸ ಲೇಪನಗಳು ನೀರನ್ನು ತಡೆದರೂ ಜಿಡ್ಡನ್ನು ತಡೆಯಲಾರವು, ಹೀಗಾಗಿ ಈಗಿನ ಜಾಕೆಟ್ಟುಗಳನ್ನು ಮೊದಲಿಗಿಂತ ಹೆಚ್ಚು ಸಲ ಒಗೆಯಬೇಕು. ಜಿಪ್, ಪಟ್ಟಿಗಳನ್ನೆಲ್ಲ ಮುಚ್ಚಿ, ಇಂಥ ಬಟ್ಟೆಗೆಂದೇ ಸಿಗುವ ದ್ರವದಲ್ಲಿ ಒಗೆದು, ಎರಡು ಸಲ ಜಾಲಿಸಿ. ಬಟ್ಟೆ ಮೆದುವಾಗಿಸುವ ದ್ರವವನ್ನಂತೂ ಹಾಕಲೇಬೇಡಿ, ಅದು ನೀರನ್ನು ಎಳೆದುಕೊಳ್ಳುವ ಪದರವನ್ನು ಬಿಟ್ಟುಹೋಗುತ್ತದೆ. ಒಣಗಿದ ಮೇಲೆ ಚೀಟಿ ಒಪ್ಪುವುದಾದರೆ ಡ್ರೈಯರಿನಲ್ಲಿ ಕಡಿಮೆ ಬಿಸಿಗೆ ಇಡಿ, ಇಲ್ಲವೇ ಮೇಲೊಂದು ತೆಳು ಬಟ್ಟೆ ಹಾಸಿ ಉಗುರುಬೆಚ್ಚಗಿನ ಇಸ್ತ್ರಿ ಹಾಕಿ. ಬಿಸಿ ತಾಗಿದಾಗ ಉಳಿದಿರುವ ಲೇಪನ ಮತ್ತೆ ಚುರುಕಾಗುತ್ತದೆ. ಆಮೇಲೂ ಹನಿ ಉರುಳದೆ ಬಟ್ಟೆಗೆ ಇಂಗಿದರೆ ಸಿಂಪಡಿಸುವ ಅಥವಾ ತೊಳೆಯುವಾಗ ಬೆರೆಸುವ ಹೊಸ ಲೇಪನ ಹಾಕಬಹುದು.

ಇಷ್ಟೆಲ್ಲ ಮಾಡುವ ಮೊದಲು ಒಮ್ಮೆ ಜಾಕೆಟ್ಟನ್ನು ಒಳಮೈ ಹೊರಗಾಗಿ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಹೊಲಿಗೆಯ ಟೇಪು ಅಲ್ಲಲ್ಲಿ ಎದ್ದಿದ್ದರೆ ದುರಸ್ತಿ ಸಾಧ್ಯ. ಒಳಮೈಯ ಪಾಲಿಯುರೆಥೇನ್ (ನೀರು ತಡೆಯುವ ಒಂದು ಬಗೆಯ ಪ್ಲಾಸ್ಟಿಕ್) ಪದರ ಗುಳ್ಳೆ ಎದ್ದು, ಉಗುರಿನಿಂದ ಕೆರೆದರೆ ಹೊಟ್ಟಿನಂತೆ ಉದುರುತ್ತಿದ್ದರೆ ಯಾವ ಲೇಪನವೂ ಅದನ್ನು ಉಳಿಸದು. ತೇವವಿರುವಾಗಲೇ ಸುತ್ತಿ ಚೀಲದಲ್ಲಿ ಇಟ್ಟ ಜಾಕೆಟ್ಟುಗಳಿಗೆ ಈ ಗತಿ ಬೇಗ ಬರುತ್ತದೆ.