ಕೇಕಿನ ಜೊತೆ ಶಾಂಪೇನ್ ಬೇಡ, ಊಟಕ್ಕೆ ಮುಂಚೆ ಕೊಡಿ

ಅಪ್ಪ-ಅಮ್ಮನ 40ನೇ ಮದುವೆ ದಿನ, ವಿರಾಜಪೇಟೆ ಹತ್ತಿರ ಮನೆಯಲ್ಲೇ ಊಟ. ಕೇಕ್ ಕಟ್ ಮಾಡುವಾಗ ಓಪನ್ ಮಾಡಲು ಯಾವ ಶಾಂಪೇನ್ ತರಲಿ, ಫ್ರಾನ್ಸಿನದ್ದೇ ಬೇಕಾ, ನಮ್ಮ ದೇಶದ ಸ್ಪಾರ್ಕ್ಲಿಂಗ್ ವೈನ್ (ಗುಳ್ಳೆ ಬರುವ ವೈನ್) ಸಾಕಾ ಅಂತ ಕೇಳಿದ್ದೀರಿ. ಯಾವುದಾದರೂ ತನ್ನಿ. ಆದರೆ ಕೇಕ್ ಹೊತ್ತಿಗೆ ಮಾತ್ರ ತೆರೆಯಬೇಡಿ.

ನಾನು ಸರಿಯಾಗಿ ಅದನ್ನೇ ಮಾಡಿದ್ದೆ. ನಮ್ಮ ಮನೆ ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ. ಆಗ ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಅಪ್ಪ ಮಿಲಿಟರಿಯಿಂದ ರಿಟೈರ್ ಆದವರು, ಕ್ಯಾಂಟೀನ್ ರಮ್ ಬಿಟ್ಟರೆ ಬೇರೆ ಕಡೆ ಮನಸ್ಸು ಹೋಗುವುದಿಲ್ಲ. ಅವ್ವ ಪ್ರತಿ ವರ್ಷ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತಾರೆ. ಅವರ ಮದುವೆ ದಿನಕ್ಕೆ ಅವರು ಜೀವನದಲ್ಲಿ ಕುಡಿಯದೇ ಇರುವಂಥದ್ದು ಏನಾದರೂ ತರಬೇಕು ಅನ್ನುವ ಆಸೆ ನನಗೆ. ಬೆಂಗಳೂರಿನ ಅಂಗಡಿಯೊಂದರಲ್ಲಿ ಎರಡು ಬಾಟಲಿ ಫ್ರೆಂಚ್ ಶಾಂಪೇನ್ ತಗೊಂಡೆ. ಆ ಕಾಲಕ್ಕೆ ನನ್ನ ಸಂಬಳದಲ್ಲಿ ಅದು ದೊಡ್ಡ ದುಡ್ಡು. ಲೇಬಲ್ ಮೇಲೆ ಬ್ರೂಟ್ ಅಂತ ಇತ್ತು. ಅದರ ಅರ್ಥ ಏನು ಅಂತ ಅಂಗಡಿಯಲ್ಲಿ ಕೇಳಲಿಲ್ಲ.

ಸಂಜೆ ನೆಂಟರೆಲ್ಲ ಬಂದರು. ಬೇಕರಿಯಿಂದ ತಂದ ಕೇಕ್, ಮೇಲೆ ಬೆರಳು ದಪ್ಪ ಬಿಳಿ ಐಸಿಂಗ್. ಒಬ್ಬರ ಬಾಯಿಗೆ ಒಬ್ಬರು ಹಾಕಿದ್ದಾಯಿತು, ಫೋಟೋ ಆಯಿತು, ಆಮೇಲೆ ನಾನು ಬಾಟಲಿ ತೆರೆದೆ. ಚಪ್ಪಾಳೆ. ದೊಡ್ಡಪ್ಪ ಗ್ಲಾಸನ್ನು ಟ್ಯೂಬ್‌ಲೈಟಿಗೆ ಹಿಡಿದು, ತಳದಿಂದ ಗುಳ್ಳೆ ಸಾಲಾಗಿ ಮೇಲೇಳುವುದನ್ನು ತುಂಬಾ ಹೊತ್ತು ನೋಡಿದರು. ಒಂದು ಗುಟುಕು ಕುಡಿದರು. ಹಲ್ಲು ಚುರ್ ಅಂದವರ ಹಾಗೆ ಮುಖ ಮಾಡಿ, ಏನೂ ಹೇಳದೆ ಗ್ಲಾಸನ್ನು ಕಿಟಕಿ ಕಟ್ಟೆ ಮೇಲೆ ಇಟ್ಟರು. ಸ್ವಲ್ಪ ಹೊತ್ತಿಗೆ ಆ ಕಟ್ಟೆ ತುಂಬಾ ಗ್ಲಾಸುಗಳೇ. ಅವ್ವ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದರು: "ಬಿಲ್ ಇಟ್ಟಿದ್ದೀಯಾ ಮಗ? ಹುಳಿ ಬಂದಿದೆ ಅದು. ವಾಪಸ್ ಕೊಡು." ನಾನೂ ಒಂದು ತುಂಡು ಕೇಕ್ ತಿಂದು ಕುಡಿದು ನೋಡಿದೆ. ಅವ್ವ ಹೇಳಿದ್ದು ನಿಜ ಅನಿಸಿತು. ಬರೀ ಹುಳಿ. ಕಹಿ ಕೂಡ.

ವೈನ್ ಹಾಳಾಗಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ದುಡ್ಡು ಉಳಿಯುವುದು ಇಲ್ಲೇ.

ಬ್ರೂಟ್ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇರುವ ವೈನ್. ಒಂದು ಸಣ್ಣ ಗ್ಲಾಸಿಗೆ ಒಂದೂವರೆ ಗ್ರಾಂ ಬಂದರೆ ಹೆಚ್ಚು. ಶಾಂಪೇನ್ ಪ್ರದೇಶ ಇರುವುದು ಫ್ರಾನ್ಸಿನ ಉತ್ತರ-ಪೂರ್ವದಲ್ಲಿ, ರೀಮ್ಸ್, ಎಪರ್ನೇ ಊರುಗಳ ಸುತ್ತ. ಅಲ್ಲಿ ಚಳಿ ಜಾಸ್ತಿ, ದ್ರಾಕ್ಷಿಯಲ್ಲಿ ಹುಳಿ ಚೆನ್ನಾಗಿ ಉಳಿಯುತ್ತದೆ. ಆ ಹುಳಿಯೇ ಅದರ ಜೀವ. ಆದರೆ ಬಾಯಿ ತುಂಬಾ ಐಸಿಂಗ್ ಇದ್ದಾಗ ನಾಲಿಗೆ ಸಿಹಿಗೆ ಒಗ್ಗಿಬಿಟ್ಟಿರುತ್ತದೆ. ಜಿಲೇಬಿ ತಿಂದ ಕೂಡಲೇ ಕಾಫಿ ಕುಡಿದರೆ ಸಕ್ಕರೆಯನ್ನೇ ಹಾಕಿಲ್ಲ ಅನಿಸುತ್ತದೆ, ಅಲ್ವಾ? ಹಾಗೆಯೇ ವೈನಿನಲ್ಲಿದ್ದ ಚೂರುಪಾರು ಸಿಹಿ ನಾಲಿಗೆಗೆ ಸಿಗುವುದೇ ಇಲ್ಲ. ಹಣ್ಣಿನ ಪರಿಮಳವೂ ಸಿಗುವುದಿಲ್ಲ. ಉಳಿಯುವುದು ಹುಳಿ, ಗ್ಯಾಸು, ಕಹಿ ಅಷ್ಟೇ. ತಿನ್ನುವ ಸಿಹಿಗಿಂತ ಕುಡಿಯುವ ವೈನ್ ಸಿಹಿಯಾಗಿರಬೇಕು. ಇಲ್ಲದಿದ್ದರೆ ಎಷ್ಟೇ ದುಬಾರಿ ಬಾಟಲಿಯಾದರೂ ಸೋಲುತ್ತದೆ. ಸಿನಿಮಾದಲ್ಲಿ, ಮದುವೆ ವಿಡಿಯೋದಲ್ಲಿ ಕೇಕು, ಶಾಂಪೇನ್ ಒಟ್ಟಿಗೇ ತೋರಿಸಿ ನಮ್ಮ ತಲೆಯಲ್ಲಿ ಅದು ಕೂತುಬಿಟ್ಟಿದೆ.

ನನಗೆ ಇದು ಗೊತ್ತಾಗಿದ್ದು ಅದೇ ರಾತ್ರಿ. ನೆಂಟರು ಹೋದ ಮೇಲೆ ಫ್ರಿಜ್‌ನಲ್ಲಿ ಅರ್ಧ ಬಾಟಲಿ ಉಳಿದಿತ್ತು. ಒಲೆ ಪಕ್ಕ ತಟ್ಟೆಯಲ್ಲಿ ಪಂದಿ ಬರ್ತದ್ ಇತ್ತು, ಕಾಳುಮೆಣಸು ಹಾಕಿ ಚೆನ್ನಾಗಿ ಹುರಿದ ಹಂದಿ ಮಾಂಸ, ಅಂಚಿನ ಕೊಬ್ಬು ಗರಿಗರಿಯಾಗಿತ್ತು. ಹಸಿವಾಗಿತ್ತು, ಅದನ್ನು ತಿನ್ನುತ್ತಾ ಸುಮ್ನೆ ಒಂದು ಗ್ಲಾಸ್ ಬಗ್ಗಿಸಿಕೊಂಡೆ. ಬೇರೆ ಬಾಟಲಿಯೇನೋ ಅಂದುಕೊಂಡು ಲೇಬಲ್ ತಿರುಗಿಸಿ ನೋಡಿದೆ. ಹುಳಿ ಅನಿಸಿದ್ದು ಈಗ ಹಸಿರು ಸೇಬು, ನಿಂಬೆ ಸಿಪ್ಪೆ. ಹಿಂದೆಯೇ ಬಿಸಿ ಬನ್ನಿನ ವಾಸನೆ. ಕೊಬ್ಬಿನ ಜಿಡ್ಡನ್ನು ಒಂದೇ ಗುಟುಕು ತೊಳೆದುಬಿಟ್ಟಿತು. ಅಪ್ಪ ಮಲಗಿಬಿಟ್ಟಿದ್ದರು. ಅವರಿಗೆ ಕೊಡಲು ಆಗಲಿಲ್ಲವಲ್ಲ ಅನ್ನುವುದು ಈಗಲೂ ನನಗೆ ಬೇಸರ.

ಹಾಗಾಗಿ ನನ್ನ ಮಾತು: ಊಟಕ್ಕೆ ಮುಂಚೆ, ಹಸಿದ ಬಾಯಿಗೆ ಕೊಡಿ. ಜೊತೆಗೆ ಉಪ್ಪಿನದ್ದು, ಕರಿದದ್ದು, ಕೊಬ್ಬಿನದ್ದು ಇರಲಿ. ಪಂದಿ ಬರ್ತದ್, ಕೋಳಿ ಬರ್ತದ್, ಬಾಳೆಕಾಯಿ ಚಿಪ್ಸ್, ಉಪ್ಪು ಹಾಕಿದ ಗೋಡಂಬಿ, ಏನಾದರೂ ನಡೆಯುತ್ತದೆ. ಪಂದಿ ಕರಿ-ಕಡಂಬುಟ್ಟಿಗೂ (ಹಂದಿ ಸಾರು, ಅಕ್ಕಿ ಉಂಡೆ) ಚೆನ್ನಾಗಿ ಹೊಂದುತ್ತದೆ. ಆ ಕರಿಗೆ ಹಾಕುವ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿರಸ) ಹುಳಿ ನಾಲಿಗೆ ಮೇಲೆ ಇದ್ದಾಗ ವೈನಿನ ಹುಳಿ ಮೆತ್ತಗಾಗುತ್ತದೆ. ಖಾರ ಮಾತ್ರ ಹಿಡಿತದಲ್ಲಿರಲಿ. ಸೂಜಿಮೆಣಸು ಜಾಸ್ತಿ ಬಿದ್ದರೆ ಗುಳ್ಳೆಗಳು ಆ ಉರಿಯನ್ನು ಇನ್ನೂ ಏರಿಸುತ್ತವೆ.

ಇನ್ನು ಫ್ರಾನ್ಸಿನದ್ದಾ ನಮ್ಮದಾ? ಅವ್ವ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ, ಹುಳಿಯುವಾಗ ಬರುವ ಗ್ಯಾಸ್ ಹೊರಗೆ ಹೋಗಲಿ ಅಂತ. ಶಾಂಪೇನಿನಲ್ಲಿ ಆ ಗ್ಯಾಸನ್ನು ಬೇಕಂತಲೇ ಒಳಗೆ ಉಳಿಸುತ್ತಾರೆ. ತಯಾರಾದ ವೈನಿಗೆ ಮತ್ತೆ ಸಕ್ಕರೆ, ಯೀಸ್ಟ್ ಹಾಕಿ ದಪ್ಪ ಗಾಜಿನ ಬಾಟಲಿಯಲ್ಲಿ ಮುಚ್ಚಿ, ಕಡಿಮೆ ಅಂದರೂ 15 ತಿಂಗಳು ನೆಲಮಾಳಿಗೆಯಲ್ಲಿ ಇಡುತ್ತಾರೆ. ಆ ಬನ್ನಿನ ವಾಸನೆ ಬರುವುದು ಸತ್ತ ಯೀಸ್ಟಿನ ಗಸಿಯಿಂದ. ಆಮೇಲೆ ಗಸಿ ತೆಗೆದು, ಸ್ವಲ್ಪ ಸಕ್ಕರೆ ಸೇರಿಸಿ ಕಾರ್ಕ್ ಹಾಕುತ್ತಾರೆ. ಬ್ರೂಟಾ ಸಿಹಿಯಾ ಅನ್ನುವುದು ನಿರ್ಧಾರ ಆಗುವುದು ಆಗಲೇ. ಸುಲಾ ಬ್ರೂಟ್, ಶಾಂಡನ್ ಎರಡೂ ನಾಸಿಕ್ ಕಡೆಯವು, ಇದೇ ರೀತಿ ಬಾಟಲಿಯೊಳಗೆ ಹುಳಿಸಿದವು. ಶಾಂಡನ್ ನಮ್ಮ ದೇಶದಲ್ಲಿ ಶುರುವಾಗಿದ್ದು 2013ರಲ್ಲಿ, ಫ್ರಾನ್ಸಿನ ಮೊಯೆ ಹೆನೆಸಿ ಕಂಪನಿಯದ್ದೇ ಅದು. ಆಮದು ಸುಂಕ ಕೊಟ್ಟು ಒಂದು ಫ್ರೆಂಚ್ ಬಾಟಲಿ ತರುವ ಬದಲು ಇಲ್ಲಿಯದ್ದು ನಾಲ್ಕೈದು ತಂದು ಎಲ್ಲರಿಗೂ ತುಂಬಿದ ಗ್ಲಾಸ್ ಕೊಡಿ. ಒಂದು ಬಾಟಲಿಗೆ ಆರು ಸಣ್ಣ ಗ್ಲಾಸ್ ಬರುತ್ತದೆ. ಮನೆಯಲ್ಲಿ ಮೂವತ್ತು ಜನ ಸೇರಿದಾಗ ಒಂದೇ ಫ್ರೆಂಚ್ ಬಾಟಲಿಯನ್ನು ಚಮಚ ಚಮಚ ಹಂಚುವುದು ನನಗಂತೂ ಸರಿ ಕಾಣುವುದಿಲ್ಲ. ಫ್ರೆಂಚ್ ಬಾಟಲಿಯನ್ನು ಅಪ್ಪ-ಅಮ್ಮ ಇಬ್ಬರೇ ಇರುವ ದಿನಕ್ಕೆ ಇಡಿ.

ಇಟಲಿಯ ಗುಳ್ಳೆ ವೈನ್ ಪ್ರೊಸೆಕೊ ಸಿಕ್ಕರೆ ಅದೂ ಒಳ್ಳೆಯದೇ. ಅದನ್ನು ಸಾಮಾನ್ಯವಾಗಿ ದೊಡ್ಡ ಟ್ಯಾಂಕಿನಲ್ಲಿ ಹುಳಿಸುತ್ತಾರೆ, ಅದಕ್ಕೇ ಬನ್ನಿನ ವಾಸನೆಗಿಂತ ಹಣ್ಣಿನ ಪರಿಮಳ ಜಾಸ್ತಿ. ಸ್ಪೇನಿನ ಗುಳ್ಳೆ ವೈನ್ ಕಾವಾ ಶಾಂಪೇನಿನ ಹಾಗೆಯೇ ಬಾಟಲಿಯೊಳಗೆ ಹುಳಿಸಿದ್ದು. ಲೇಬಲ್ ಓದುವಾಗ ಒಂದು ಎಚ್ಚರ: 'ಎಕ್ಸ್‌ಟ್ರಾ ಡ್ರೈ' ಅಂತ ಇದ್ದರೆ ಅದು ಬ್ರೂಟ್‌ಗಿಂತ ಸಿಹಿ, ಲೀಟರಿಗೆ 12ರಿಂದ 17 ಗ್ರಾಂ. ಮನೆ ವೈನ್ ಕುಡಿದು ರೂಢಿ ಇರುವ ಹಿರಿಯರಿಗೆ ನಾನು ಅದನ್ನೇ ಆರಿಸುತ್ತೇನೆ.

ತರುವಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ಮನೆಗೆ ಬಂದ ಮೇಲೆ ಮೂರ್ನಾಲ್ಕು ಗಂಟೆ ಫ್ರಿಜ್‌ನಲ್ಲಿ ಇಡಿ. ಕರೆಂಟ್ ಇಲ್ಲದಿದ್ದರೆ ಬಕೆಟಿಗೆ ಐಸ್, ನೀರು ಎರಡೂ ಹಾಕಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ, ಅರ್ಧ ಗಂಟೆ ಸಾಕು. ಬರೀ ಐಸ್ ಹಾಕಿದರೆ ಬೇಗ ತಣಿಯುವುದಿಲ್ಲ. 8ರಿಂದ 10 ಡಿಗ್ರಿ ಇರಬೇಕು, ಫ್ರೀಜರ್‌ನಲ್ಲಿ ಮರೆತರೆ ಬಾಟಲಿ ಒಡೆಯಬಹುದು.

ತೆರೆಯುವಾಗ ಕುಲುಕಬೇಡಿ. ಒಳಗೆ ಹೊರಗಿನ ಗಾಳಿಗಿಂತ ಸುಮಾರು ಆರು ಪಟ್ಟು ಒತ್ತಡ ಇರುತ್ತದೆ, ಕಾರ್ಕ್ ಕಣ್ಣಿಗೆ ಬಡಿದರೆ ಹಬ್ಬ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ತಂತಿ ಬಿಚ್ಚುವ ಮೊದಲೇ ಹೆಬ್ಬೆರಳು ಕಾರ್ಕ್ ಮೇಲೆ ಇರಲಿ. ಬಾಟಲಿಯನ್ನು ಓರೆ ಹಿಡಿದು, ಕಾರ್ಕನ್ನು ಬಿಗಿಯಾಗಿ ಹಿಡಿದುಕೊಂಡು ಬಾಟಲಿಯನ್ನು ತಿರುಗಿಸಿ. ಉಸ್ ಅಂತ ಸಣ್ಣ ಸದ್ದು ಬಂದರೆ ಸರಿಯಾಗಿ ತೆರೆದಿದ್ದೀರಿ ಅಂತ ಅರ್ಥ. ವಿಡಿಯೋಗೆ ದೊಡ್ಡ ಸದ್ದು ಬೇಕು ಅಂತ ಹುಡುಗರು ಒತ್ತಾಯಿಸುತ್ತಾರೆ, ಬೇಡ ಅನ್ನಿ. ನೆಲಕ್ಕೆ ಹೋಗುವುದು ಅಪ್ಪನ ಪಾಲಿನ ವೈನ್. ಗ್ಲಾಸಿನಲ್ಲಿ ಸೋಪಿನ ಅಂಶ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ, ಬರೀ ಬಿಸಿನೀರಿನಲ್ಲಿ ಇನ್ನೊಮ್ಮೆ ತೊಳೆದು ಇಡಿ.

ಕೇಕ್ ಹೊತ್ತಿಗೆ ಏನು ಕೊಡುವುದು ಅಂತ ಕೇಳಿದರೆ, ಮನೆ ವೈನ್. ನಿಮ್ಮಮ್ಮ ಹಾಕುವವರಾದರೆ ಅವರದ್ದೇ, ಇಲ್ಲದಿದ್ದರೆ ಮಡಿಕೇರಿ ಅಂಗಡಿಯ ದ್ರಾಕ್ಷಿ ವೈನ್. ಅದರ ಸಿಹಿ ಐಸಿಂಗ್ ಮುಂದೆ ನಿಲ್ಲುತ್ತದೆ. ಗುಳ್ಳೆ ಇರುವುದೇ ಬೇಕು ಅಂತ ಹಟ ಇದ್ದರೆ 'ಡೆಮಿ-ಸೆಕ್' ಅಂತ ಬರೆದದ್ದು ಹುಡುಕಿ, ಲೀಟರಿಗೆ 32ರಿಂದ 50 ಗ್ರಾಂ ಸಕ್ಕರೆ ಇರುತ್ತದೆ. ಅದರ ಜೊತೆಗೂ ಐಸಿಂಗ್ ಕೇಕ್ ಬೇಡ, ಸಾದಾ ಪ್ಲಮ್ ಕೇಕ್ ತರಿಸಿ.