ಹಳೆ ಮೊಬೈಲ್ ಬೋರ್ಡ್‌ಗಳಿಂದ ಮನೆಯಲ್ಲೇ ಚಿನ್ನ ತೆಗೆಯಲು ಯಾವ ಆಸಿಡ್ ಒಳ್ಳೆಯದು?

ನಾನೂ ಆಸಿಡ್ ಹುಡುಕುವುದರಿಂದಲೇ ಶುರು ಮಾಡಿದ್ದೆ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದ ಧೈರ್ಯ ಇತ್ತು. ಮೈಸೂರು ರಸ್ತೆ ಕಡೆ ಗುಜರಿ ವ್ಯಾಪಾರ ಮಾಡುವ ಭಾವನ ಹತ್ತಿರ ಬೋರ್ಡ್‌ಗಳ ರಾಶಿಯೇ ಇತ್ತು. ಒಂದು ಟನ್ ಮೊಬೈಲ್ ಬೋರ್ಡಿನಲ್ಲಿ ನೂರಾರು ಗ್ರಾಂ ಚಿನ್ನ, ಗಣಿಯ ಅದಿರಿನಲ್ಲಿ ಟನ್ನಿಗೆ ಕೆಲವೇ ಗ್ರಾಂ. ಈ ಲೆಕ್ಕ ನಿಜವೇ. ಆದರೆ ಅದೇ ಒಂದು ಟನ್ ಬೋರ್ಡಿನಲ್ಲಿ ತಾಮ್ರ 200 ಕಿಲೋಗೂ ಜಾಸ್ತಿ ಇರಬಹುದು. ನಾನು ಕೆಟ್ಟಿದ್ದು ಅಲ್ಲೇ.

ಬೋರ್ಡ್‌ಗಳನ್ನು ತುಂಡು ಮಾಡಿ ನೇರವಾಗಿ ಆಕ್ವಾ ರೀಜಿಯಾಗೆ ಹಾಕಿಬಿಟ್ಟೆ. 3 ಪಾಲು ಹೈಡ್ರೋಕ್ಲೋರಿಕ್, 1 ಪಾಲು ನೈಟ್ರಿಕ್. ಚಿನ್ನ ಕರಗಿತು, ಸರಿ. ಆದರೆ ಕರಗದ ತಾಮ್ರ ಇನ್ನೂ ಉಳಿದಿದ್ದರೆ ಕರಗಿದ ಚಿನ್ನ ನಿಲ್ಲುವುದಿಲ್ಲ. ತಾಮ್ರ ಕರಗುತ್ತಾ ಹೋಗುತ್ತದೆ, ಚಿನ್ನ ಮತ್ತೆ ಲೋಹವಾಗಿ ತಳಕ್ಕೆ ಬೀಳುತ್ತದೆ. ಆಗ ಅದಕ್ಕೆ ಹಳದಿ ಹೊಳಪು ಇರುವುದಿಲ್ಲ, ಬರೀ ಕಂದು ಪುಡಿ. ಅದರ ಮೇಲೆ ಸೋಲ್ಡರಿನ ತವರ ಬಿಳಿ ಗಂಜಿಯಂತಾಗಿ ಸೋಸುವ ಕಾಗದವನ್ನೆಲ್ಲ ಕಟ್ಟಿಬಿಟ್ಟಿತು. ನಾನು ಹಸಿರು ನೀರನ್ನು ಜೋಪಾನವಾಗಿ ಎತ್ತಿಟ್ಟೆ, ಗಸಿಯನ್ನು ಕಸ ಅಂತ ಬಿಸಾಡಿದೆ. ಚಿನ್ನ ಇದ್ದದ್ದು ಗಸಿಯಲ್ಲಿ! ನೀರಿಗೆ ಕರಗಿದ ಚಿನ್ನವನ್ನು ಪುಡಿಯಾಗಿ ತಳಕ್ಕೆ ಇಳಿಸುವ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಕಾದೆ, ತಳದಲ್ಲಿ ಏನೂ ಕೂರಲಿಲ್ಲ. ಒಂದು ಹನಿ ಸ್ಟ್ಯಾನಸ್ ಕ್ಲೋರೈಡ್ ಹಾಕಿ ಮೊದಲೇ ನೋಡಬಹುದಿತ್ತು, ಚಿನ್ನ ಇದ್ದರೆ ನೇರಳೆ ಬಣ್ಣ ಬರುತ್ತದೆ. ನೋಡುವ ಹೊತ್ತಿಗೆ ಗಸಿ ಹೋಗಿಯಾಗಿತ್ತು, ಭಾವ ಹಾಕಿದ ದುಡ್ಡೂ ಹೋಗಿತ್ತು.

ಕ್ರಮ ತಿರುವುಮುರುವಾಗಬೇಕಿತ್ತು. ಮೊದಲು ಚಿನ್ನದ ಲೇಪ ಇರುವ ಭಾಗವನ್ನಷ್ಟೇ ಕತ್ತರಿಸಿಕೊಳ್ಳಬೇಕು. ತಾಮ್ರವನ್ನು ಮೊದಲು ಕರಗಿಸಿ ತೆಗೆಯಬೇಕು, ಚಿನ್ನದ ತೆಳು ಹಾಳೆ ಹಾಗೇ ಉಳಿಯುತ್ತದೆ. ಆಕ್ವಾ ರೀಜಿಯಾ ಕೊನೆಗೆ. ಅಂದರೆ ಯಾವ ಆಸಿಡ್ ಅನ್ನುವುದಕ್ಕಿಂತ ಆಸಿಡ್‌ಗೆ ಏನು ಹೋಗುತ್ತದೆ ಅನ್ನುವುದು ಮುಖ್ಯ.

ಇಷ್ಟು ಗೊತ್ತಾಯಿತು ಅಂತ ಮನೆಯಲ್ಲಿ ಮಾಡಲು ಹೊರಡಬೇಡಿ. ಆಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಾಡಿದಾಗ ಸ್ವಲ್ಪ ಕೆಮ್ಮು ಬಂದು ಸುಮ್ಮನಾಗಬಹುದು. ಗಂಟೆಗಳಾದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಸಂಜೆ ಚೆನ್ನಾಗಿದ್ದ ಭಾವನನ್ನು ರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಫ್ಯಾನು, ಕಿಟಕಿ, ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ, ಯಾವುದನ್ನೂ ನಂಬಬೇಡಿ. ಉಳಿದ ಆಸಿಡ್ ನೀರನ್ನು ಎಲ್ಲಿ ಚೆಲ್ಲುತ್ತೀರಿ? ಅದರ ತುಂಬ ತಾಮ್ರ, ಸೀಸ. ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಇದೇ ಕೆಲಸದಿಂದ ರಾಮಗಂಗಾ ನದಿಯ ದಂಡೆ ಹಾಳಾಗಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಲೇಬೇಕು.

ನನ್ನನ್ನು ಕೇಳಿದರೆ, ಚಿಕ್ಕವರಿಗೆ ದುಡ್ಡು ಇರುವುದು ವಿಂಗಡಣೆಯಲ್ಲಿ. ಈಗ ನಾವು ಮಾಡುತ್ತಿರುವುದೂ ಅದನ್ನೇ. ಬ್ಯಾಟರಿ ಮೊದಲು ತೆಗೆದಿಡಿ. ಮೊಬೈಲ್ ಬೋರ್ಡ್, ರ‍್ಯಾಮ್, ಪ್ರೊಸೆಸರ್ ಬೇರೆ ಬೇರೆ ಚೀಲಕ್ಕೆ ಹಾಕಿ, ನೋಂದಣಿ ಇರುವವರಿಗೇ ಕೊಡಿ. ಹಳೆ ಟಿವಿ ಬೋರ್ಡನ್ನು ಮಾತ್ರ ಇವುಗಳ ಜೊತೆ ಬೆರೆಸಬೇಡಿ. ಅದರಲ್ಲಿ ಚಿನ್ನ ತೀರಾ ಕಡಿಮೆ. ಬೆರೆಸಿದರೆ ಇಡೀ ಚೀಲಕ್ಕೆ ಟಿವಿ ಬೋರ್ಡಿನ ದರವೇ ಹಾಕುತ್ತಾರೆ.