ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್‌ನ ಆರಂಭದ ವಲಸಿಗರು ಮದುವೆಗೆ ಅಷ್ಟು ಅವಸರಪಟ್ಟಿದ್ದೇಕೆ?

ಜಮೀನಿಗಾಗಿ. ಅಮೆರಿಕದ ಸಂಸತ್ತು 1850ರಲ್ಲಿ ತಂದ ಡೊನೇಷನ್ ಲ್ಯಾಂಡ್ ಕಾಯ್ದೆ, ಒರೆಗಾನ್‌ನಲ್ಲಿ ಆಗಲೇ ನೆಲೆಸಿದ್ದ ಬಿಳಿಯ ಗಂಡಸಿಗೆ 320 ಎಕರೆ ಉಚಿತವಾಗಿ ಕೊಟ್ಟಿತು. ಹೆಂಡತಿ ಇದ್ದರೆ ಇನ್ನೂ 320 ಎಕರೆ. ಒಂಟಿಯಾಗಿದ್ದವರಿಗೆ 1851ರ ಡಿಸೆಂಬರ್ 1ರ ಗಡುವು. ಅಷ್ಟರೊಳಗೆ ತಾಳಿ ಕಟ್ಟದಿದ್ದರೆ, ಅಂದರೆ ಅವರ ಪದ್ಧತಿಯಲ್ಲಿ ಉಂಗುರ ತೊಡಿಸದಿದ್ದರೆ, ಎರಡನೆಯ ಪಾಲು ಕೈತಪ್ಪುತ್ತಿತ್ತು. ತಡವಾಗಿ ಬಂದವರಿಗೆ ಇದರ ಅರ್ಧ.

ತೊಡಕು ಇದ್ದದ್ದು ಇಲ್ಲಿ: ಗಂಡಸರು ಬೇಕಾದಷ್ಟು, ಮದುವೆಯಾಗದ ಹೆಂಗಸರು ಬೆರಳೆಣಿಕೆ. ಗಂಡಿಗೆ 18 ವರ್ಷ ಮೀರಿರಬೇಕು ಎಂದ ಕಾಯ್ದೆ ಹೆಂಡತಿಯ ವಯಸ್ಸಿನ ಬಗ್ಗೆ ಚಕಾರ ಎತ್ತಿರಲಿಲ್ಲ. ಹಾಗಾಗಿ ಹದಿಮೂರು ಹದಿನಾಲ್ಕರ ಹುಡುಗಿಯರಿಗೂ ವರರು ಸಾಲುಗಟ್ಟಿದರು. ಪ್ರೇಮಕ್ಕಿಂತ ಎಕರೆ ಮುಂದಿತ್ತು ಎಂದರೆ ಕಟುವೆನಿಸಬಹುದು, ಆದರೆ ಸುಳ್ಳಲ್ಲ.

ಸರ್ಕಾರಕ್ಕೆ ಬೇಕಾಗಿದ್ದದ್ದು ನೆಲೆ ನಿಲ್ಲುವ ಸಂಸಾರಗಳು. ಹಕ್ಕುಪತ್ರ ಸಿಗಲು ನಾಲ್ಕು ವರ್ಷ ಅಲ್ಲೇ ವಾಸವಿದ್ದು ಉಳಬೇಕಿತ್ತು. ಹಾಲು ಕರೆದು ಬೆಣ್ಣೆ ತೆಗೆಯುವುದು, ಬಟ್ಟೆ ಹೊಲಿಯುವುದು, ಮಕ್ಕಳನ್ನು ಸಾಕುವುದು, ಇದೆಲ್ಲ ಹೆಂಡತಿಯ ಪಾಲಿನ ದುಡಿಮೆ. ಒಂಟಿ ಗಂಡಸಾದರೆ ಕ್ಯಾಲಿಫೋರ್ನಿಯಾದ ಚಿನ್ನದ ಗಣಿಗೆ ಓಡಿಬಿಡುವ ಸಾಧ್ಯತೆ ಹೆಚ್ಚು.

ಒಂದು ವಿಚಿತ್ರವೆಂದರೆ, ಹೆಂಡತಿಯ ಪಾಲು ಆಕೆಯ ಹೆಸರಿನಲ್ಲೇ ದಾಖಲಾಗುತ್ತಿತ್ತು. ವಿವಾಹಿತೆಯ ಆಸ್ತಿ ಸಾಮಾನ್ಯವಾಗಿ ಗಂಡನ ಹಿಡಿತಕ್ಕೆ ಹೋಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇಷ್ಟೆಲ್ಲ ಹಂಚಿದ್ದು ಮಾತ್ರ ಕಲಪೂಯ ಮೊದಲಾದ ಮೂಲನಿವಾಸಿಗಳ ನೆಲವನ್ನು. ಒರೆಗಾನ್‌ನ ವಿಲಾಮೆಟ್ ಕಣಿವೆಯ ಬಗ್ಗೆ ಅವರೊಡನೆ ಮಾಡಿಕೊಂಡ ಒಪ್ಪಂದಕ್ಕೆ ಮಂಜೂರಾತಿ ಸಿಕ್ಕಿದ್ದು 1855ರಲ್ಲಿ. ಉಚಿತ ಜಮೀನಿನ ಕಾಯ್ದೆಯ ಅವಧಿ ಮುಗಿದದ್ದೂ ಅದೇ ವರ್ಷ.